ಡೀಸೆಲ್ ತೆರಿಗೆ ಅರ್ಧ, ಸಾಲ ಪೂರ್ತಿ ಮನ್ನಾ: ವಿರೋಧ ಪಕ್ಷದ ಲೆಕ್ಕ ಎಷ್ಟು ಸರಿ?

ಪ್ರಶ್ನೆ: ಸರ್, ನಾನು ಆಳಂದ ತಾಲೂಕಿನವನು. ಮನೆಯಲ್ಲಿ ಎಂಟು ಎಕರೆ ತೊಗರಿ ಇದೆ. ಹೋದ ವಾರ ನಮ್ಮ ಕಡೆ ವಿರೋಧ ಪಕ್ಷದ ನಾಯಕರೊಬ್ಬರು ಬಂದು ಒಂದು ತಾಸು ಮಾತಾಡಿದರು. ರಾಜ್ಯ ಸರ್ಕಾರ ತೆರಿಗೆ ಹಾಕಿ ಜನರನ್ನು ಹಿಂಡುತ್ತಿದೆ, ನಾವು ಬಂದರೆ ಡೀಸೆಲ್ ತೆರಿಗೆ ಅರ್ಧ ಮಾಡುತ್ತೇವೆ ಅಂದರು. ರೊಕ್ಕ ಎಲ್ಲ ಗ್ಯಾರಂಟಿಗೆ ಹೋಗಿ ರಸ್ತೆ, ಶಾಲೆಗೆ ಏನೂ ಉಳಿದಿಲ್ಲ, ರಾಜ್ಯ ದಿವಾಳಿ ಆಗಿದೆ, ತಲೆಗೆ ಒಂದು ಲಕ್ಷ ಸಾಲ ಇದೆ ಅಂದರು. ಕೊನೆಗೆ, ರೈತರ ಸಾಲ ಪೂರ್ತಿ ಮನ್ನಾ ಮಾಡಿ ಕಲ್ಯಾಣ ಕರ್ನಾಟಕಕ್ಕೆ ಎರಡರಷ್ಟು ಅನುದಾನ ಕೊಡುತ್ತೇವೆ, ನಮ್ಮ ತೆರಿಗೆ ನಮಗೇ ಬರಬೇಕು ಅಂತಲೂ ಹೇಳಿದರು. ನನಗೆ ಎಲ್ಲ ಸರಿ ಅನ್ನಿಸಿತು. ಆದರೆ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಕಾಕಾ, ಇವರದೇ ಪಕ್ಷ ದಿಲ್ಲಿಯಲ್ಲಿ ಬೇಳೆ ಪಾಕೀಟಿಗೂ ತೆರಿಗೆ ಹಾಕಿದೆ, ಇವರ ಮಾತು ಕೇಳಬೇಡ ಅಂತಾರೆ. ಯಾರು ಸರಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ಸಂತೋಷ ಆಯಿತು. ಸಭೆಗೆ ಹೋಗಿ ಚಪ್ಪಾಳೆ ತಟ್ಟಿ ಬರುವವರು ಬಹಳ, ಮನೆಗೆ ಬಂದು ಲೆಕ್ಕ ಕೇಳುವವರು ಕಡಿಮೆ. ನಾನು ಈ ಭಾಗದ ಖಜಾನೆಗಳಲ್ಲಿ ಬಿಲ್ ಪಾಸು ಮಾಡುತ್ತಾ ನೌಕರಿ ಮುಗಿಸಿದವನು. ಈಗ ಕಲಬುರಗಿಯಲ್ಲಿ ಕಾಮರ್ಸ್ ಓದುವ ಹುಡುಗರಿಗೆ ಸರ್ಕಾರದ ಹಣಕಾಸಿನ ಪಾಠ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಆ ನಾಯಕರ ಹೆಸರು ನೀವು ಬರೆದಿಲ್ಲ. ಒಳ್ಳೆಯದೇ ಆಯಿತು, ಹೆಸರು ಬಿಟ್ಟು ಮಾತನ್ನು ಮಾತ್ರ ನೋಡಬಹುದು. ನಮ್ಮ ಕಡೆಯವರು ಎರಡು ಬಗೆಯ ವಿರೋಧ ಪಕ್ಷವನ್ನು ಒಟ್ಟಿಗೇ ನೋಡುತ್ತಿದ್ದೇವೆ. ಬೆಂಗಳೂರಿನಲ್ಲಿ ಅದು ಬಿಜೆಪಿ. 2023ರ ನವೆಂಬರ್‌ನಲ್ಲಿ ಆರ್. ಅಶೋಕ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾದರು. ದಿಲ್ಲಿಯಲ್ಲಿ ಅದು ಕಾಂಗ್ರೆಸ್. 2021ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದವರು ನಮ್ಮ ಜಿಲ್ಲೆಯವರೇ ಆದ ಮಲ್ಲಿಕಾರ್ಜುನ ಖರ್ಗೆ. ಬಿಜೆಪಿಯವರು ಬೆಂಗಳೂರಿನ ಸರ್ಕಾರದ ತೆರಿಗೆ ಜಾಸ್ತಿ ಅನ್ನುತ್ತಾರೆ, ಕಾಂಗ್ರೆಸ್‌ನವರು ದಿಲ್ಲಿ ಸರ್ಕಾರದ ತೆರಿಗೆ ಜಾಸ್ತಿ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಇಬ್ಬರೂ ತಮ್ಮ ಕೈಯಲ್ಲಿರುವ ತೆರಿಗೆಯ ಸುದ್ದಿ ಎತ್ತುವುದಿಲ್ಲ.

ಟ್ರ್ಯಾಕ್ಟರ್ ಇದ್ದವರಿಗೆ ಮೊದಲು ತಟ್ಟುವುದು ಡೀಸೆಲ್, ಅದರಿಂದಲೇ ಶುರು ಮಾಡೋಣ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ. ಕೇಂದ್ರ ಅದರ ಮೇಲೆ ಅಬಕಾರಿ ಸುಂಕ ಹಾಕುತ್ತದೆ, ರಾಜ್ಯ ಮಾರಾಟ ತೆರಿಗೆ ಹಾಕುತ್ತದೆ. ರಾಜ್ಯ 2024ರ ಜೂನ್‌ನಲ್ಲಿ ಡೀಸೆಲ್ ತೆರಿಗೆಯನ್ನು ಶೇ. 14.3ರಿಂದ 18.4ಕ್ಕೆ ಏರಿಸಿತು. ಮತ್ತೆ 2025ರ ಏಪ್ರಿಲ್ 1ರಿಂದ ಶೇ. 21.17 ಮಾಡಿತು. ಹತ್ತೇ ತಿಂಗಳಲ್ಲಿ ಎರಡು ಏರಿಕೆ. ಡೀಸೆಲ್ ಲೀಟರಿಗೆ 90 ರೂಪಾಯಿ ಅಂತ ಇಟ್ಟುಕೊಂಡರೆ ಅದರಲ್ಲಿ ರಾಜ್ಯದ ತೆರಿಗೆ ಅಂದಾಜು 15 ರೂಪಾಯಿ ಆಗುತ್ತದೆ. ಹಿಂಡುತ್ತಿದ್ದಾರೆ ಅಂತ ಆ ನಾಯಕರು ಅಂದರೆ ನಾನು ಇಲ್ಲ ಅನ್ನುವುದಿಲ್ಲ. ಬಿತ್ತನೆಯ ಹೊತ್ತಿಗೆ ಹರಗಲು, ರಾಶಿಯ ಹೊತ್ತಿಗೆ ಮಷಿನ್‌ಗೆ ಡೀಸೆಲ್ ಬೇಕೇ ಬೇಕು. ರೈತ ಅದನ್ನು ಕಡಿಮೆ ಮಾಡಿಕೊಳ್ಳಲು ಆಗುವುದಿಲ್ಲ.

ಇನ್ನು ದಿಲ್ಲಿಯ ಪಾಲು ನೋಡಿ. 2025ರ ಏಪ್ರಿಲ್‌ನಲ್ಲೇ ಕೇಂದ್ರವೂ 2 ರೂಪಾಯಿ ಏರಿಸಿತು. ಆಗ ಡೀಸೆಲ್ ಮೇಲಿನ ಕೇಂದ್ರದ ಸುಂಕ ಲೀಟರಿಗೆ 17 ರೂಪಾಯಿ 80 ಪೈಸೆ ಆಯಿತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವ ಮೂಲ ಸುಂಕ ಬರೀ 1 ರೂಪಾಯಿ 80 ಪೈಸೆ. ಉಳಿದ 16 ರೂಪಾಯಿ ವಿಶೇಷ ಸುಂಕ, ರಸ್ತೆ ಸೆಸ್, ಕೃಷಿ ಸೆಸ್ (ಒಂದು ಕೆಲಸದ ಹೆಸರಲ್ಲಿ ಹಾಕುವ ಹೆಚ್ಚುವರಿ ತೆರಿಗೆ) ಅಂತ ಬೇರೆ ಬೇರೆ ಹೆಸರಲ್ಲಿತ್ತು. ಅದನ್ನು ಕೇಂದ್ರ ಪೂರ್ತಿ ತಾನೇ ಇಟ್ಟುಕೊಳ್ಳುತ್ತದೆ. ಸೆಸ್ಸು, ಸರ್‌ಚಾರ್ಜು ಹಂಚಬೇಕಾಗಿಲ್ಲ ಅಂತ ಸಂವಿಧಾನದಲ್ಲೇ ಇರುವುದರಿಂದ ಇದು ಕಾನೂನು ಪ್ರಕಾರ ತಪ್ಪೂ ಅಲ್ಲ. ನಿಮ್ಮ ನಾಯಕರು ಇದರ ಬಗ್ಗೆ ಒಂದು ಮಾತಾದರೂ ಆಡಿದರಾ? ಆಡಿದ್ದರೆ ನೀವು ಬರೆಯುತ್ತಿದ್ದಿರಿ.

ಒಂದು ವಿಷಯ ಅವರ ಪರವಾಗಿ ಹೇಳಲೇಬೇಕು. 2021ರ ನವೆಂಬರ್‌ನಲ್ಲಿ ಕೇಂದ್ರ ಪೆಟ್ರೋಲ್ ಮೇಲೆ 5, ಡೀಸೆಲ್ ಮೇಲೆ 10 ರೂಪಾಯಿ ಇಳಿಸಿದಾಗ ಇಲ್ಲಿ ಬೊಮ್ಮಾಯಿ ಸರ್ಕಾರ ಇತ್ತು. ಅದು ತನ್ನ ತೆರಿಗೆಯಲ್ಲಿ ಎರಡಕ್ಕೂ 7 ರೂಪಾಯಿ ಇಳಿಸಿತ್ತು. ಅಂದರೆ ಅವರ ಪಕ್ಷ ಇಳಿಸಿದ್ದೂ ಉಂಟು. ಆದರೆ ಇಳಿಸಿದ ರೊಕ್ಕವನ್ನು ಬೇರೆ ಎಲ್ಲಿಂದ ತರುತ್ತೀರಿ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. 2024ರ 3 ರೂಪಾಯಿ ಏರಿಕೆಯಿಂದಲೇ ವರ್ಷಕ್ಕೆ 2,500 ಕೋಟಿಗೂ ಜಾಸ್ತಿ ಬರುತ್ತದೆ ಅಂತ ಆಗ ಅಂದಾಜು ಮಾಡಿದ್ದರು. ಅರ್ಧಕ್ಕರ್ಧ ಇಳಿಸಿದರೆ ಎಷ್ಟು ಹೋಗುತ್ತದೆ, ನೀವೇ ಲೆಕ್ಕ ಹಾಕಿ. ಪಕ್ಕದ ತೆಲಂಗಾಣದಲ್ಲಿ ಡೀಸೆಲ್ ನಮಗಿಂತ ದುಬಾರಿ, ಆ ಕಡೆಯ ಗಾಡಿಗಳು ಬೀದರ್ ಗಡಿಯ ಪಂಪುಗಳಿಗೆ ಬರುವುದು ಅದಕ್ಕೇ. ಹಾಗಾಗಿ ಸರ್ಕಾರ ಪಕ್ಕದ ರಾಜ್ಯ ತೋರಿಸಿ ನಾವೇ ಅಗ್ಗ ಅನ್ನುತ್ತದೆ. ಆ ಸಮಾಧಾನ ನನಗೆ ಒಪ್ಪಿಗೆ ಇಲ್ಲ. ತಾಂಡೂರಿನ ರೈತನ ಕಷ್ಟ ತೋರಿಸಿದರೆ ಆಳಂದದ ರೈತನ ಖರ್ಚು ಕಡಿಮೆ ಆಗುತ್ತದಾ?

ಎರಡನೆಯದು ಗ್ಯಾರಂಟಿ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಬಜೆಟ್ ಪುಸ್ತಕ ನನ್ನ ಮುಂದಿದೆ, ಅದನ್ನೇ ಹಿಡಿದು ಹೇಳುತ್ತೇನೆ. ಒಟ್ಟು ಗಾತ್ರ 4,09,549 ಕೋಟಿ. ಐದು ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ. ನೂರು ರೂಪಾಯಿಯಲ್ಲಿ ಹನ್ನೆರಡೂವರೆ ಆಯಿತು. ರಸ್ತೆ, ಕಟ್ಟಡ, ನೀರಾವರಿಯಂಥ ಬಂಡವಾಳ ವೆಚ್ಚಕ್ಕೆ 71,336 ಕೋಟಿ, ಅಂದರೆ ನೂರರಲ್ಲಿ ಹದಿನೇಳು. ಹಾಗಾಗಿ ದುಡ್ಡೆಲ್ಲ ಗ್ಯಾರಂಟಿಗೆ ಹೋಯಿತು, ರಸ್ತೆಗೆ ಏನೂ ಉಳಿದಿಲ್ಲ ಅನ್ನುವುದು ಸುಳ್ಳು.

ಆದರೆ ಗ್ಯಾರಂಟಿಯಿಂದ ರಸ್ತೆ ಕೆಲಸಕ್ಕೆ ಪೆಟ್ಟು ಬಿದ್ದಿಲ್ಲವಾ ಅಂದರೆ, ಬಿದ್ದಿದೆ. ಇದನ್ನು ವಿರೋಧ ಪಕ್ಷ ಒಂದೇ ಹೇಳುತ್ತಿಲ್ಲ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಯೂ ಹೇಳಿದೆ. 2023-24ರಲ್ಲಿ ರಾಜ್ಯದ ಕಂದಾಯ ಖರ್ಚಿನಲ್ಲಿ, ಅಂದರೆ ಸಂಬಳ, ಪಿಂಚಣಿ, ಬಡ್ಡಿಯಂಥ ದಿನನಿತ್ಯದ ಖರ್ಚಿನಲ್ಲಿ, ಶೇ. 15ರಷ್ಟು ಗ್ಯಾರಂಟಿಗೆ ಹೋಗಿತ್ತು. 9,271 ಕೋಟಿ ಕಂದಾಯ ಕೊರತೆ ಬಿತ್ತು, ಬಂಡವಾಳ ವೆಚ್ಚ ಹಿಂದಿನ ವರ್ಷಕ್ಕಿಂತ 5,229 ಕೋಟಿ ಕಡಿಮೆ ಆಯಿತು. ಕಂದಾಯ ಕೊರತೆ ಅಂದರೆ ಏನು ಅಂತ ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬೋರು ಹಾಕಿಸಲು ಸಾಲ ಮಾಡುವುದು ಬೇರೆ, ಮನೆಯ ಜೋಳ ತರಲು ಸಾಲ ಮಾಡುವುದು ಬೇರೆ. ಎರಡನೆಯದು ಒಂದು ವರ್ಷ ನಡೆಯುತ್ತದೆ. ಪ್ರತಿ ವರ್ಷ ನಡೆದರೆ ಮನೆಯ ಹಿರಿಯರಿಗೆ ನಿದ್ದೆ ಬರುವುದಿಲ್ಲ. 2025-26ರ ಬಜೆಟ್‌ನಲ್ಲೂ 19,262 ಕೋಟಿ ಕಂದಾಯ ಕೊರತೆಯ ಅಂದಾಜು ಇದೆ.

ಇನ್ನೊಂದು ವಿಷಯದಲ್ಲಿ ವಿರೋಧ ಪಕ್ಷದ ಮಾತು ಇನ್ನೂ ಗಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಅಂತ 2013ರ ಕಾನೂನಿನ ಪ್ರಕಾರ ಬೇರೆ ತೆಗೆದಿಟ್ಟ ಹಣದಲ್ಲಿ 2024-25ಕ್ಕೆ 14,282 ಕೋಟಿಯನ್ನು ಗ್ಯಾರಂಟಿಗೆ ಲೆಕ್ಕ ಹಾಕಿದರು. ಆ ಸಮುದಾಯದ ಹೆಣ್ಣುಮಕ್ಕಳಿಗೂ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಹೋಗುತ್ತದಲ್ಲ, ಅದು ಅವರಿಗೇ ಸೇರಿದ ಹಾಗೆ ಅನ್ನುವುದು ಸರ್ಕಾರದ ಉತ್ತರ. ನನಗೆ ಈ ಉತ್ತರ ಸರಿ ಕಾಣುವುದಿಲ್ಲ. ಎಲ್ಲರಿಗೂ ಕೊಡುವುದನ್ನು ಅವರಿಗೂ ಕೊಟ್ಟು, ಅವರಿಗಷ್ಟೇ ಇಟ್ಟ ಗಂಟಿನಿಂದ ಅದನ್ನು ಕಳೆಯುವುದು ಹೇಗೆ ನ್ಯಾಯ? ಹಾಸ್ಟೆಲ್ಲು, ಬೋರ್‌ವೆಲ್ಲು, ವಿದ್ಯಾರ್ಥಿವೇತನ ಎಲ್ಲ ಆ ಗಂಟಿನಿಂದಲೇ ಬರಬೇಕಾದದ್ದು. ನಮ್ಮ ಕಲಬುರಗಿ, ಯಾದಗಿರಿ, ಬೀದರ್‌ನ ಎಷ್ಟೋ ಮಕ್ಕಳು ಆ ಹಾಸ್ಟೆಲ್ ನಂಬಿ ಓದುತ್ತಿದ್ದಾರೆ.

ಹಾಗಂತ ಗ್ಯಾರಂಟಿಯೇ ದಂಡ ಅನ್ನುವವರ ಜೊತೆ ನಾನಿಲ್ಲ. ಉಚಿತ ಕರೆಂಟಿನ ಗೃಹಜ್ಯೋತಿ ಶುರುವಾಗಿದ್ದೇ ನಮ್ಮ ಕಲಬುರಗಿಯಲ್ಲಿ, 2023ರ ಆಗಸ್ಟ್ 5ರಂದು. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಇದೆಯಲ್ಲ, ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಅಫಜಲಪುರ, ಜೇವರ್ಗಿ, ಚಿಂಚೋಳಿ ಕಡೆಯಿಂದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಎಷ್ಟಿದ್ದಾರೆ ನೋಡಿ. ಮೊದಲು ದಿನಗೂಲಿಯ ಒಂದು ಪಾಲು ಟಿಕೆಟ್‌ಗೇ ಹೋಗುತ್ತಿತ್ತು. ಅದನ್ನು ಬರೀ ಪುಕ್ಕಟೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇನ್ನೂ ಒಂದು ಮಾತು. ಆಳಂದದಿಂದ ಗಡಿ ದಾಟಿದರೆ ಮಹಾರಾಷ್ಟ್ರದ ಅಕ್ಕಲಕೋಟ. ಅಲ್ಲಿ 2024ರಿಂದ ಹೆಣ್ಣುಮಕ್ಕಳ ಖಾತೆಗೆ ತಿಂಗಳಿಗೆ 1,500 ರೂಪಾಯಿ ಹಾಕುವ ಯೋಜನೆ ತಂದದ್ದು ಬಿಜೆಪಿ ಇರುವ ಮೈತ್ರಿ ಸರ್ಕಾರ. 2019ರಿಂದ ರೈತರಿಗೆ ವರ್ಷಕ್ಕೆ 6,000 ಕೊಡುತ್ತಿರುವುದು ಕೇಂದ್ರ. ನಿಮ್ಮ ಬೀಗರು ಯಾರಾದರೂ ಅಕ್ಕಲಕೋಟ ಕಡೆ ಇದ್ದರೆ ಕೇಳಿ ನೋಡಿ, ಅಲ್ಲಿನ ವಿರೋಧ ಪಕ್ಷದವರೂ ರಾಜ್ಯದ ಖಜಾನೆ ಖಾಲಿ ಆಯಿತು ಅಂತಲೇ ಭಾಷಣ ಮಾಡುತ್ತಾರೆ.

ತಲೆಗೆ ಲಕ್ಷ ಸಾಲ ಅನ್ನುವ ಲೆಕ್ಕ ಸರಿಯೇ ಇದೆ. 2025-26ರ ಕೊನೆಗೆ ರಾಜ್ಯದ ಒಟ್ಟು ಹೊಣೆಗಾರಿಕೆ 7,64,655 ಕೋಟಿ ಆಗುತ್ತದೆ ಅಂತ ಬಜೆಟ್ಟೇ ಹೇಳುತ್ತದೆ. ಆ ವರ್ಷ ಒಂದರಲ್ಲೇ 1,16,000 ಕೋಟಿ ಹೊಸ ಸಾಲ. ಆದರೆ ದಿವಾಳಿ ಅನ್ನುವ ಮಾತು ಬೇರೆ. ಸಾಲವನ್ನು ರಾಜ್ಯದ ಒಟ್ಟು ಉತ್ಪನ್ನದ ಜೊತೆ ಇಟ್ಟು ತೂಗುತ್ತಾರೆ. ದೇಶದಲ್ಲೇ ಮೊದಲು, 2002ರಲ್ಲಿ, ಇದಕ್ಕೆ ಕಾನೂನು ಮಾಡಿಕೊಂಡ ರಾಜ್ಯ ನಮ್ಮದು. ಅದರ ಪ್ರಕಾರ ಸಾಲ ಶೇ. 25 ದಾಟಬಾರದು, ಒಂದು ವರ್ಷದ ವಿತ್ತೀಯ ಕೊರತೆ (ಆದಾಯ ಸಾಲದೆ ಸಾಲದಿಂದ ತುಂಬುವ ಮೊತ್ತ) ಶೇ. 3 ದಾಟಬಾರದು. 2025-26ರಲ್ಲಿ ಸಾಲ ಶೇ. 24.91, ಕೊರತೆ ಶೇ. 2.95. ಗೆರೆ ದಾಟಿಲ್ಲ, ಆದರೆ ಗೆರೆಯ ಅಂಚಿಗೆ ಬಂದು ನಿಂತಿದೆ. ಒಂದು ಬರಗಾಲ ಬಂದು ತೆರಿಗೆ ಕಡಿಮೆ ಆದರೆ ಕಾಲು ಆಚೆ ಹೋಗುತ್ತದೆ. ನನಗೆ ಭಯ ಇರುವುದು ಅಲ್ಲಿ. ಇದು ನಿನ್ನೆ ಮೊನ್ನೆಯ ಸಾಲವೂ ಅಲ್ಲ. ಬಿಜೆಪಿ ಸರ್ಕಾರ ಇದ್ದ 2022-23ರ ಬಜೆಟ್‌ನಲ್ಲೇ ಈ ಮೊತ್ತ 5 ಲಕ್ಷ ಕೋಟಿ ದಾಟಿತ್ತು, ಅದಕ್ಕೆ ಕೋವಿಡ್ ಕೂಡ ಕಾರಣ. ಕೇಂದ್ರದ ಸಾಲವಂತೂ ದೇಶದ ಉತ್ಪನ್ನದ ಶೇ. 56ರಷ್ಟಿದೆ.

ಈಗ ಅವರ ಭರವಸೆಗೆ ಬರೋಣ. ತೆರಿಗೆ ಇಳಿಸುತ್ತೇವೆ ಅಂದರು, ಸಾಲ ಜಾಸ್ತಿ ಆಯಿತು ಅಂದರು, ಆಮೇಲೆ ಸಾಲ ಮನ್ನಾ ಮತ್ತು ಎರಡರಷ್ಟು ಅನುದಾನ ಅಂದರು. ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ, ಕಳೆದು ನೋಡಿ. ಒಳಗೆ ಬರುವುದು ಕಡಿಮೆ, ಹೊರಗೆ ಹೋಗುವುದು ಜಾಸ್ತಿ, ಸಾಲವೂ ಮಾಡಬಾರದು. ಇದು ಯಾರ ಮನೆಯಲ್ಲೂ ಕೂಡುವ ಲೆಕ್ಕ ಅಲ್ಲ. ಗ್ಯಾರಂಟಿ ನಿಲ್ಲಿಸಿ ಆ 51 ಸಾವಿರ ಕೋಟಿಯಲ್ಲಿ ಇದನ್ನು ಮಾಡುತ್ತೇವೆ ಅಂದಿದ್ದರೆ ಅದು ಪ್ರಾಮಾಣಿಕ ಮಾತು, ಒಪ್ಪುವುದು ಬಿಡುವುದು ನಮಗೆ ಬಿಟ್ಟದ್ದು. ಆದರೆ ಎರಡು ಸಾವಿರ ನಿಲ್ಲಿಸುತ್ತೇವೆ ಅಂತ ಆ ವೇದಿಕೆಯ ಮೇಲೆ ಹೇಳಿದ ಸುದ್ದಿ ನಿಮ್ಮ ಪತ್ರದಲ್ಲಿ ಇಲ್ಲ.

ಸಾಲ ಮನ್ನಾ ಬಗ್ಗೆ ಒಂದು ಹಳೆಯ ಲೆಕ್ಕ ಹೇಳುತ್ತೇನೆ, ಇದು ರೈತರು ಮರೆಯಬಾರದ ಲೆಕ್ಕ. 2018ರ ಜುಲೈ 5ರಂದು ಮುಖ್ಯಮಂತ್ರಿ ಕುಮಾರಸ್ವಾಮಿ ಬಜೆಟ್‌ನಲ್ಲಿ 34,000 ಕೋಟಿಯ ಸಾಲ ಮನ್ನಾ ಘೋಷಿಸಿದರು. ಅದೇ ಬಜೆಟ್‌ನಲ್ಲಿ ಡೀಸೆಲ್ ತೆರಿಗೆಯನ್ನು ಶೇ. 19ರಿಂದ 21ಕ್ಕೆ, ಪೆಟ್ರೋಲ್ ತೆರಿಗೆಯನ್ನು 30ರಿಂದ 32ಕ್ಕೆ ಏರಿಸಿದರು. ಡೀಸೆಲ್ ಲೀಟರಿಗೆ 1 ರೂಪಾಯಿ 12 ಪೈಸೆ ಜಾಸ್ತಿ ಆಯಿತು. ಅಂದರೆ ಮನ್ನಾದ ಒಂದು ಪಾಲು ರೈತನ ಟ್ರ್ಯಾಕ್ಟರ್ ಟ್ಯಾಂಕಿನಿಂದಲೇ ಹೋಯಿತು. ಬ್ಯಾಂಕಿನಲ್ಲಿ ಸಾಲವೇ ಸಿಗದೆ ಖಾಸಗಿಯವರ ಹತ್ತಿರ ಬಡ್ಡಿಗೆ ತಂದ ಲಾವಣಿದಾರನಿಗೆ, ಅಂದರೆ ಬೇರೆಯವರ ಹೊಲ ಗುತ್ತಿಗೆಗೆ ಮಾಡುವವನಿಗೆ, ಮನ್ನಾ ಸಿಗಲಿಲ್ಲ, ಡೀಸೆಲ್ ಬೆಲೆ ಮಾತ್ರ ಅವನಿಗೂ ಏರಿತು. ಕುಮಾರಸ್ವಾಮಿ ಅವರ ಮನಸ್ಸಿನಲ್ಲಿ ರೈತರ ಬಗ್ಗೆ ಕಾಳಜಿ ಇತ್ತು ಅಂತಲೇ ನಾನು ನಂಬುತ್ತೇನೆ. ಆದರೂ ರೊಕ್ಕ ಆಕಾಶದಿಂದ ಬೀಳುವುದಿಲ್ಲವಲ್ಲ.

ಕಲ್ಯಾಣ ಕರ್ನಾಟಕಕ್ಕೆ ಎರಡರಷ್ಟು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳು ಅತಿ ಹಿಂದುಳಿದವು ಅಂತ ಗುರುತಿಸಿತು, ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಆಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂತು, ಪ್ರಾದೇಶಿಕ ಅಭಿವೃದ್ಧಿ ಮಂಡಳಿ ಬಂತು, ಈಗ ವರ್ಷಕ್ಕೆ 5,000 ಕೋಟಿ ಘೋಷಣೆ ಆಗುತ್ತಿದೆ. ಹತ್ತು ಸಾವಿರ ಕೊಡುತ್ತೇವೆ ಅಂದರೆ ನಾವು ಬೇಡ ಅನ್ನುತ್ತೇವಾ? ಆದರೆ ಘೋಷಣೆ ಬೇರೆ, ಬಿಡುಗಡೆ ಬೇರೆ, ಖರ್ಚು ಬೇರೆ. ನಾನು ಒಂದು ತಾಲೂಕಿನ ಖಜಾನೆಯಲ್ಲಿ ಇದ್ದಾಗ ಮಾರ್ಚ್ ಕೊನೆಯ ವಾರ ರಾತ್ರಿ ಹನ್ನೊಂದು ಗಂಟೆಗೆ ಮೊದಲು ಮನೆಗೆ ಹೋದದ್ದೇ ಇಲ್ಲ. ವರ್ಷವಿಡೀ ಬಾರದ ಬಿಲ್‌ಗಳು ಆ ಒಂದೇ ವಾರ ಗಂಟು ಗಂಟಾಗಿ ಬರುತ್ತಿದ್ದವು. ದುಡ್ಡು ಲ್ಯಾಪ್ಸ್ ಆಗಬಾರದು ಅಂತ ಅವಸರದಲ್ಲಿ ಮಾಡಿದ ಕೆಲಸ. ಅಂಥ ಒಂದು ಶಾಲಾ ಕೋಣೆಯ ಬಿಲ್ ನಾನೇ ಪಾಸು ಮಾಡಿದ್ದೆ. ಕಾಗದ ಎಲ್ಲ ಸರಿ ಇತ್ತು, ತಡೆಯಲು ನನಗೆ ಕಾರಣ ಇರಲಿಲ್ಲ. ಮೂರನೇ ಮಳೆಗಾಲಕ್ಕೆ ಆ ಕೋಣೆಯ ಮಾಳಿಗೆ ಸೋರುತ್ತಿತ್ತು, ಮಕ್ಕಳು ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದರು. ಅದನ್ನು ನೋಡಿ ಬಂದ ದಿನ ನನಗೆ ಊಟ ಸೇರಲಿಲ್ಲ. ಆದ್ದರಿಂದ ಯಾವ ನಾಯಕರು ಎಷ್ಟು ಕೊಡುತ್ತೇವೆ ಅಂದರೂ, ಹೋದ ವರ್ಷದ್ದು ಎಷ್ಟು ಬಿಡುಗಡೆ ಆಯಿತು, ಡಿಸೆಂಬರ್‌ಗೆ ಮೊದಲು ಎಷ್ಟು ಖರ್ಚಾಯಿತು ಅಂತ ಕೇಳಿ. ಇಂಥ ಪ್ರಶ್ನೆಯನ್ನು ವಿರೋಧ ಪಕ್ಷದವರೇ ವಿಧಾನಸಭೆಯಲ್ಲಿ ಕೇಳಬೇಕು, ಕೇಳಿದರೆ ಲಿಖಿತ ಉತ್ತರ ಬರುತ್ತದೆ. ನಿಮ್ಮ ನಾಯಕರು ಎಷ್ಟು ಸಲ ಕೇಳಿದ್ದಾರೆ ಅನ್ನುವುದು ಭಾಷಣಕ್ಕಿಂತ ದೊಡ್ಡ ಸಾಕ್ಷಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ಹುಟ್ಟಿಸಿದ್ದು ಅವರ ಕೊನೆಯ ಮಾತು. ನಮ್ಮ ತೆರಿಗೆ ನಮಗೇ ಬರಬೇಕು ಅನ್ನುವುದು. ಈ ಮಾತನ್ನು ಈಗ ಎರಡೂ ಕಡೆಯವರು ಬೇರೆ ಬೇರೆ ವೇದಿಕೆಯಲ್ಲಿ ಹೇಳುತ್ತಾರೆ. 2024ರ ಫೆಬ್ರವರಿ 7ರಂದು ರಾಜ್ಯದ ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ದಿಲ್ಲಿಯ ಜಂತರ್ ಮಂತರ್‌ಗೇ ಹೋಗಿ ಕೂತು ಇದನ್ನೇ ಹೇಳಿದರು. ಅವರ ದೂರಿಗೆ ಕಾರಣ ಇದೆ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹೇಳುವುದು ಹಣಕಾಸು ಆಯೋಗ. 14ನೇ ಆಯೋಗ ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ ಶೇ. 4.713 ಕೊಟ್ಟಿತ್ತು, 15ನೇ ಆಯೋಗ ಅದನ್ನು ಶೇ. 3.647ಕ್ಕೆ ಇಳಿಸಿತು. ಇದು ಸಣ್ಣ ಇಳಿಕೆ ಅಲ್ಲ, ರಾಜ್ಯಕ್ಕೆ ಅನ್ಯಾಯ ಆಗಿದೆ ಅಂತ ನಾನೂ ಹೇಳುತ್ತೇನೆ. ಯಾಕೆ ಇಳಿಯಿತು ಅಂದರೆ, ಆಯೋಗ ಹಂಚುವಾಗ ನೂರರಲ್ಲಿ 45 ಅಂಕವನ್ನು ರಾಜ್ಯದ ತಲಾ ಆದಾಯ ನೋಡಿ ಕೊಟ್ಟಿತು. ಆದಾಯ ಜಾಸ್ತಿ ಇದ್ದರೆ ಪಾಲು ಕಡಿಮೆ. ಕರ್ನಾಟಕದ ತಲಾ ಆದಾಯ ಏರಿರುವುದು ಬೆಂಗಳೂರಿನಿಂದ. ಜಿಲ್ಲೆಗಳ ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರ ಮೊದಲು, ನಮ್ಮ ಕಲಬುರಗಿ ಕೊನೆಯ ಸಾಲಿನಲ್ಲಿ. ದಿಲ್ಲಿಯವರು ಸರಾಸರಿ ತೆಗೆದಾಗ ಬೆಂಗಳೂರಿನ ಸಿರಿತನದ ಹಿಂದೆ ನಮ್ಮ ಬಡತನ ಕಾಣುವುದೇ ಇಲ್ಲ. ಹೀಗಾಗಿ ಕಡಿಮೆ ಆದ ಪಾಲಿನ ಪೆಟ್ಟು ಬೆಂಗಳೂರಿಗಿಂತ ನಮಗೇ ಜಾಸ್ತಿ ಬೀಳುತ್ತದೆ.

ಆದರೆ ತೆರಿಗೆ ಎಲ್ಲಿ ವಸೂಲಾಯಿತೋ ಅಲ್ಲೇ ಖರ್ಚಾಗಲಿ ಅನ್ನುವುದನ್ನೇ ನಿಯಮ ಮಾಡಿದರೆ ನಮ್ಮ ಗತಿ ಏನು? ನಾಳೆ ಬೆಂಗಳೂರಿನವರೂ ಅದನ್ನೇ ಹೇಳುತ್ತಾರೆ. ರಾಜ್ಯದ ತೆರಿಗೆಯ ದೊಡ್ಡ ಪಾಲು ನಮ್ಮಲ್ಲಿ ವಸೂಲಾಗುತ್ತದೆ, ಕಲಬುರಗಿಗೆ 5,000 ಕೋಟಿ ಯಾಕೆ ಕೊಡಬೇಕು ಅನ್ನುತ್ತಾರೆ. ಆಗ 371ಜೆ ಹಿಡಿದು ನಾವು ಏನು ಹೇಳಬೇಕು? ಹಿಂದುಳಿದವರಿಗೆ ಜಾಸ್ತಿ ಬೇಕು ಅಂತಲೇ ಹೇಳಬೇಕಲ್ವಾ? ದಿಲ್ಲಿಗೆ ಒಂದು ನ್ಯಾಯ, ಬೆಂಗಳೂರಿಗೆ ಒಂದು ನ್ಯಾಯ ಕೇಳಲು ಆಗುವುದಿಲ್ಲ. ಸೆಸ್ ಕಡಿಮೆ ಮಾಡಿ ಹಂಚುವ ಗಂಟನ್ನು ದೊಡ್ಡದು ಮಾಡಿ, ಪಾಲು ಹಾಕುವಾಗ ರಾಜ್ಯದ ಒಳಗಿನ ಬಡ ಜಿಲ್ಲೆಗಳನ್ನೂ ನೋಡಿ ಅಂತ ಕೇಳಿದರೆ ಮಾತು ಗಟ್ಟಿ ನಿಲ್ಲುತ್ತದೆ, ನಮಗೂ ಉಪಯೋಗ ಆಗುತ್ತದೆ.

ವಸೂಲಾದ ಜಾಗ ಅನ್ನುವುದೇ ಎಷ್ಟು ಮೋಸದ ಲೆಕ್ಕ ಅಂತ ತಿಳಿಯಲು ನಮ್ಮ ಸಿಮೆಂಟ್ ನೋಡಿ. ಸೇಡಂ, ಮಳಖೇಡ, ವಾಡಿಯಲ್ಲಿ ಸುಣ್ಣದ ಕಲ್ಲು ತೆಗೆಯುವುದು ನಮ್ಮ ನೆಲದಿಂದ, ಧೂಳು ಕುಡಿಯುವವರು ನಮ್ಮವರು. ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಹೋಗುವುದು ಮಾಲು ಬಳಕೆ ಆಗುವ ರಾಜ್ಯಕ್ಕೆ. ಆ ಸಿಮೆಂಟ್ ಸೊಲ್ಲಾಪುರದಲ್ಲಿ ಮನೆ ಕಟ್ಟಲು ಹೋದರೆ ಪಾಲು ಮಹಾರಾಷ್ಟ್ರಕ್ಕೆ. ದೊಡ್ಡ ಕಂಪನಿಯ ಆದಾಯ ತೆರಿಗೆ ಬರೆಯುವುದು ಅದರ ಮುಖ್ಯ ಕಚೇರಿ ಇರುವ ಊರಿನ ಲೆಕ್ಕದಲ್ಲಿ. ನಮ್ಮ ನೆಲದ ಹೆಸರಲ್ಲಿ ಉಳಿಯುವುದು ಕಲ್ಲಿನ ರಾಜಧನ, ಅಂದರೆ ಕಲ್ಲು ತೆಗೆದದ್ದಕ್ಕೆ ಕಂಪನಿ ಕಟ್ಟುವ ರಾಯಲ್ಟಿ, ಅಷ್ಟೇ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆ ಅಲ್ಲ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ಬೇರೆ ತೆರಿಗೆ ಹಾಕಬಹುದು ಅಂತ ತೀರ್ಪು ಕೊಟ್ಟಿತು. ಆ ತೆರಿಗೆಯಲ್ಲಿ ಗಣಿ ಇರುವ ತಾಲೂಕಿಗೆ ಎಷ್ಟು ಬರಬೇಕು ಅನ್ನುವುದು ನಮ್ಮ ಜಿಲ್ಲೆಗೆ ನಿಜವಾದ ತೆರಿಗೆ ಪ್ರಶ್ನೆ. ಆಡಳಿತ ಪಕ್ಷ, ವಿರೋಧ ಪಕ್ಷ ಯಾರೇ ಸೇಡಂ, ಚಿತ್ತಾಪುರಕ್ಕೆ ಬಂದರೂ ಇದನ್ನು ಮಾತಾಡಬೇಕು.

ಇನ್ನು ತೊಗರಿ. ನೀವು ಎಂಟು ಎಕರೆ ಬೆಳೆಯುವವರು, ನಿಮ್ಮ ನಾಯಕರು ತೊಗರಿಯ ಊರಲ್ಲಿ ನಿಂತು ತೆರಿಗೆ ಬಗ್ಗೆ ಒಂದು ತಾಸು ಮಾತಾಡಿ ಆಮದು ಸುಂಕದ ಮಾತೇ ಎತ್ತಲಿಲ್ಲ ಅನ್ನುವುದು ನನಗೆ ನೋವು ತಂದಿತು. ತೆರಿಗೆ ಹಾಕದೆ ಬಿಡುವುದರಿಂದಲೂ ಒಬ್ಬರ ರೊಕ್ಕ ಹೋಗುತ್ತದೆ. 2021ರಿಂದ ಕೇಂದ್ರ ತೊಗರಿ ಆಮದಿಗೆ ಬಾಗಿಲು ತೆರೆದಿದೆ. 2025ರ ಜನವರಿಯಲ್ಲಿ, ಹೊಸ ತೊಗರಿ ಮಾರುಕಟ್ಟೆಗೆ ಬರುವ ಹೊತ್ತಿಗೇ, ಸುಂಕ ಇಲ್ಲದ ಆಮದನ್ನು 2026ರ ಮಾರ್ಚ್ 31ರವರೆಗೆ ಮುಂದುವರಿಸಿತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ ಕಡೆಯಿಂದ ಮಾಲು ಬಂತು. 2024ರ ಮೊದಲಲ್ಲಿ ಕ್ವಿಂಟಲಿಗೆ 10,000 ದಾಟಿದ್ದ ತೊಗರಿ ಮುಂದಿನ ಸುಗ್ಗಿಗೆ ಬೆಂಬಲ ಬೆಲೆಯಾದ 7,550ಕ್ಕಿಂತ ಕೆಳಗೆ ಇಳಿಯಿತು. ಆಗ ರಾಜ್ಯ ಸರ್ಕಾರ ತನ್ನ ಕಡೆಯಿಂದ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿ ಮಾಡಬೇಕಾಯಿತು. ನೋಡಿ, ದಿಲ್ಲಿ ಬಿಟ್ಟ ಸುಂಕಕ್ಕೆ ಬೆಂಗಳೂರಿನ ಖಜಾನೆಯಿಂದ ರೊಕ್ಕ ಹೋಯಿತು. ಖರೀದಿ ಕೇಂದ್ರಕ್ಕೆ ಹೋಗಲು ಆಗದೆ ಅಡತಿಗೆ ಹಾಕಿದವರಿಗೆ ಆ 450 ಕೂಡ ಸಿಗಲಿಲ್ಲ. ಬೇಳೆ ಬೆಲೆ ಏರಿದರೆ ನಗರದ ಬಡವರಿಗೆ ಕಷ್ಟ ಆಗುತ್ತದೆ ಅನ್ನುವುದು ನಿಜ, ಅದಕ್ಕೇ ಕೇಂದ್ರ ಹೀಗೆ ಮಾಡಿದೆ. ಆದರೆ ಆ ಕಷ್ಟ ತಪ್ಪಿಸುವ ಖರ್ಚನ್ನು ಕಲಬುರಗಿಯ ತೊಗರಿ ರೈತ ಒಬ್ಬನೇ ಯಾಕೆ ಹೊರಬೇಕು? ಕೊಯ್ಲಿನ ನಾಲ್ಕು ತಿಂಗಳಾದರೂ ಸುಂಕ ಹಾಕಿ ಅಂತ ಕೇಳುವುದು ದೊಡ್ಡ ಬೇಡಿಕೆ ಅಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಮಾನ್ಯತೆ (ಈ ನೆಲದ ವಿಶೇಷ ಬೆಳೆ ಅನ್ನುವ ಗುರುತು) ಸಿಕ್ಕಾಗ ಎಲ್ಲ ಪಕ್ಷದವರೂ ಹೆಮ್ಮೆ ಪಟ್ಟರು. ನಿಮ್ಮ ನಾಯಕರ ಪಕ್ಷವೇ ದಿಲ್ಲಿಯಲ್ಲಿ ಅಧಿಕಾರದಲ್ಲಿದೆ, ಅವರಿಂದ ಆಗುವ ಕೆಲಸ ಇದು. ಡೀಸೆಲ್ ತೆರಿಗೆ ಇಳಿಸಲು ಅವರು ಗೆದ್ದು ಬರುವವರೆಗೆ ಕಾಯಬೇಕು, ಆದರೆ ಸುಂಕದ ವಿಷಯದಲ್ಲಿ ನಾಳೆಯೇ ದಿಲ್ಲಿಗೆ ಪತ್ರ ಬರೆಯಬಹುದು. ಸಂಸತ್ತಿನಲ್ಲಿ ವಿರೋಧ ಪಕ್ಷದಲ್ಲಿ ಕೂತಿರುವ ಕಾಂಗ್ರೆಸ್‌ನವರೂ ಇದನ್ನು ಬಿಡದೆ ಕೇಳಬೇಕು. ಕಲಬುರಗಿ, ಬೀದರ್ ಎರಡೂ ಕಡೆ 2024ರಲ್ಲಿ ಗೆದ್ದವರು ಅವರೇ.

ಕೊನೆಗೆ ನಿಮ್ಮ ಕಾಕಾ ಅವರ ಬೇಳೆ ಪಾಕೀಟಿನ ಮಾತು. ಪಾಕೀಟು ಮಾಡಿ ಚೀಟಿ ಅಂಟಿಸಿದ ಬೇಳೆ, ಅಕ್ಕಿ, ಹಿಟ್ಟಿಗೆ 25 ಕಿಲೋವರೆಗೆ ಶೇ. 5 ಜಿಎಸ್‌ಟಿ ಹಾಕಿದ್ದು 2022ರ ಜುಲೈ 18ರಿಂದ. ಅದನ್ನು ತೀರ್ಮಾನಿಸಿದ್ದು ಅದರ ಹಿಂದಿನ ತಿಂಗಳು ಚಂಡೀಗಢದಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 47ನೇ ಸಭೆ. ಆ ಮಂಡಳಿಯಲ್ಲಿ ಮತದ ಮೂರರಲ್ಲಿ ಒಂದು ಪಾಲು ಕೇಂದ್ರದ್ದು, ಎರಡು ಪಾಲು ರಾಜ್ಯಗಳದ್ದು. ನಾಲ್ಕರಲ್ಲಿ ಮೂರು ಪಾಲು ಮತ ಬೀಳದೆ ಯಾವುದೂ ಪಾಸಾಗುವುದಿಲ್ಲ. ದರದ ಬಗ್ಗೆ ಶಿಫಾರಸು ಮಾಡಿದ ಮಂತ್ರಿಗಳ ಗುಂಪಿಗೆ ಮುಖ್ಯಸ್ಥರಾಗಿದ್ದವರು ಆಗಿನ ನಮ್ಮ ಮುಖ್ಯಮಂತ್ರಿ ಬೊಮ್ಮಾಯಿ. ಆ ಗುಂಪಿನಲ್ಲಿ ಕಾಂಗ್ರೆಸ್ ಸರ್ಕಾರ ಇದ್ದ ರಾಜಸ್ಥಾನ, ಎಡಪಕ್ಷದ ಕೇರಳ, ತೃಣಮೂಲದ ಪಶ್ಚಿಮ ಬಂಗಾಳ ಕೂಡ ಇದ್ದವು. ಹಾಗಾಗಿ ಕಾಕಾ ಸಿಟ್ಟು ಮಾಡುವುದಾದರೆ ಒಂದೇ ಪಕ್ಷದ ಮೇಲೆ ಮಾಡಬಾರದು. ಚೀಲ ಬಿಚ್ಚಿ ತಕ್ಕಡಿಯಲ್ಲಿ ತೂಗಿ ಕೊಡುವ ಬೇಳೆಗೆ ಈ ತೆರಿಗೆ ಬರುವುದಿಲ್ಲ, ಅದನ್ನೂ ಅವರಿಗೆ ಹೇಳಿ. ಮುಂದಿನ ಸಲ ಆ ನಾಯಕರು ಬಂದಾಗ ಕಾಕಾ ಅವರನ್ನೂ ಕರೆದುಕೊಂಡು ಹೋಗಿ, ಆಮದು ಸುಂಕದ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸಿ. ಅವರು ಏನು ಉತ್ತರ ಕೊಟ್ಟರು ಅಂತ ನನಗೂ ಬರೆಯಿರಿ.